ಮಾರ್ಫಿನ್, ಟ್ರಾಮಡಾಲ್ ಶುರುವಾದ ಮೇಲೆ ಮೋಷನ್ ನಿಂತರೆ: ತೊಂದರೆ ಎಲ್ಲಿದೆ ಎಂದು ಹುಡುಕುವ ಕ್ರಮ

ಕ್ಯಾನ್ಸರ್ ನೋವಿಗೆ, ದೊಡ್ಡ ಆಪರೇಷನ್ ಆದ ಮೇಲೆ, ಸೊಂಟದ ಮೂಳೆ ಮುರಿದಾಗ ಡಾಕ್ಟರು ಬಲವಾದ ನೋವಿನ ಔಷಧಿ ಕೊಡುತ್ತಾರೆ. ಮಾರ್ಫಿನ್, ಟ್ರಾಮಡಾಲ್, ಟಪೆಂಟಡಾಲ್, ಕೊಡೀನ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್, ಬುಪ್ರೆನಾರ್ಫಿನ್ ಪ್ಯಾಚ್. ಇವೆಲ್ಲ ಓಪಿಯಾಯ್ಡ್ ಗುಂಪಿನವು. ನೋವನ್ನು ಚೆನ್ನಾಗಿ ಇಳಿಸುತ್ತವೆ. ಜೊತೆಗೆ ಕರುಳನ್ನೂ ನಿಧಾನ ಮಾಡುತ್ತವೆ.

ನಾನು ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ರೋಗಿಗಳ ಆರೈಕೆ ಮಾಡುವ ನರ್ಸ್. "ಸಿಸ್ಟರ್, ನೋವು ಪರವಾಗಿಲ್ಲ, ಆದ್ರೆ ಮಾವನಿಗೆ ಹೊರಗೆ ಹೋಗಿ ಐದು ದಿನ ಆಯ್ತು" ಅನ್ನುವ ಫೋನು ಬಂದರೆ ಎಲ್ಲಿಂದ ಶುರು ಮಾಡಿ, ಏನೇನು ನೋಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ. ಔಷಧಿಯ ಪ್ರಮಾಣ ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ತೊಡಕು ಯಾವ ಜಾಗದಲ್ಲಿದೆ ಎಂದು ಮನೆಯವರಿಗೆ ಗೊತ್ತಾದರೆ ಅರ್ಧ ಕೆಲಸ ಆದಂತೆಯೇ.

ಮನೆಮದ್ದಿಗೆ ಮುಂಚೆ ಇದನ್ನು ನೋಡಿ

ಹೊಟ್ಟೆ ಉಬ್ಬಿ ಬಿಗಿಯಾಗಿದೆಯೇ? ವಾಂತಿ ಆಗುತ್ತಿದೆಯೇ? ಗ್ಯಾಸ್ ಕೂಡ ಹೋಗುತ್ತಿಲ್ಲವೇ? ಬಿಟ್ಟು ಬಿಟ್ಟು ಹೊಟ್ಟೆ ಹಿಂಡುವಂಥ ನೋವು ಬರುತ್ತಿದೆಯೇ? ಇವು ಒಟ್ಟಿಗೆ ಕಂಡರೆ ಕರುಳಿನಲ್ಲಿ ಎಲ್ಲೋ ಅಡ್ಡ ಕಟ್ಟಿರಬಹುದು. ಆಗ ಮೋಷನ್ ಮಾಡಿಸುವ ಮಾತ್ರೆ ಕೊಡಬೇಡಿ, ಎನಿಮಾ ಕೊಡಬೇಡಿ. ಮುಚ್ಚಿದ ದಾರಿಯ ಮೇಲೆ ಕರುಳು ಇನ್ನೂ ಜೋರಾಗಿ ಒತ್ತಿದರೆ ಅದು ಒಡೆಯುವ ಅಪಾಯವಿದೆ. ಕೂಡಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನೊಂದು ಲಕ್ಷಣವನ್ನು ಬಹಳ ಜನ ಗಮನಿಸುವುದಿಲ್ಲ. ಕ್ಯಾನ್ಸರ್ ಇರುವವರಿಗೆ ಮೋಷನ್ ನಿಂತಿದೆ, ಜೊತೆಗೆ ಬೆನ್ನುನೋವು ಹೊಸದಾಗಿ ಶುರುವಾಗಿದೆ, ಕಾಲಿಗೆ ಬಲ ಇಲ್ಲ, ಮೂತ್ರ ಕಟ್ಟಿದೆ, ಕೂರುವ ಜಾಗ ಜೋಮು ಹಿಡಿದಂತಿದೆ. ಇದು ಬೆನ್ನುಹುರಿ ಒತ್ತಿಹೋಗುತ್ತಿರುವ ಸೂಚನೆ ಇರಬಹುದು. ಒಂದು ದಿನ ತಡವಾದರೂ ಕಾಲಿನ ಶಕ್ತಿ ವಾಪಸ್ ಬರದೇ ಹೋಗಬಹುದು. ಮುಂದಿನ ಅಪಾಯಿಂಟ್‌ಮೆಂಟ್ ಸೋಮವಾರ ಇದೆ ಎಂದು ಕಾಯಬೇಡಿ. ಹಾಗೆಯೇ ತುಂಬಾ ಬಾಯಾರಿಕೆ, ಪದೇಪದೇ ಮೂತ್ರ, ಮಂಕು, ತಡವರಿಸುವ ಮಾತು ಇದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಅದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಮಲದಲ್ಲಿ ರಕ್ತ ಜಾಸ್ತಿ ಬಂದರೆ, ಡಾಂಬರಿನಷ್ಟು ಕಪ್ಪಗಿದ್ದರೆ ಅದನ್ನೂ ಅವತ್ತೇ ತೋರಿಸಿ.

ಇದ್ಯಾವುದೂ ಇಲ್ಲ, ಸುಮ್ನೆ ಮೋಷನ್ ಆಗುತ್ತಿಲ್ಲ ಅಷ್ಟೇ ಅಂದರೆ ಮುಂದೆ ಓದಿ.

ಇದು ಸಾಮಾನ್ಯ ಮಲಬದ್ಧತೆ ಅಲ್ಲ

ನೋವನ್ನು ತಗ್ಗಿಸಲು ಈ ಔಷಧಿ ಮೆದುಳು ಮತ್ತು ಬೆನ್ನುಹುರಿಯಲ್ಲಿ ಯಾವ ಗ್ರಾಹಕಗಳಿಗೆ (ಔಷಧಿ ಕೂರುವ ಜಾಗ, ರಿಸೆಪ್ಟರ್) ಹೋಗಿ ಅಂಟಿಕೊಳ್ಳುತ್ತದೋ ಅಂಥವೇ ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಅಂಟಿಕೊಂಡಾಗ ಮಲವನ್ನು ಮುಂದಕ್ಕೆ ತಳ್ಳುವ ಅಲೆಗಳು ನಿಧಾನವಾಗುತ್ತವೆ. ಕರುಳಿನೊಳಗೆ ಸುರಿಯುವ ರಸ ಕಡಿಮೆಯಾಗುತ್ತದೆ. ಮಲ ಒಂದೇ ಕಡೆ ಹೆಚ್ಚು ಹೊತ್ತು ನಿಂತಿದ್ದರಿಂದ ಅದರ ನೀರೆಲ್ಲ ಹೀರಿಹೋಗಿ ಒಣಗುತ್ತದೆ. ಗುದದ್ವಾರದ ಸ್ನಾಯು ಬಿಗಿಯಾಗುತ್ತದೆ. ಹೋಗಬೇಕು ಅನ್ನುವ ಅವಸರವೂ ಮಂದವಾಗುತ್ತದೆ. ಎಲ್ಲ ಒಟ್ಟಿಗೆ ಆಗುವುದರಿಂದಲೇ ಇದು ಇಷ್ಟು ಹಟ ಮಾಡುತ್ತದೆ.

ಮಾರ್ಫಿನ್ ಶುರುವಿನಲ್ಲಿ ಬರುವ ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕರುಳು ಮಾತ್ರ ಹಾಗೆ ಒಗ್ಗಿಕೊಳ್ಳುವುದಿಲ್ಲ. ನೋವಿನ ಔಷಧಿ ಎಷ್ಟು ದಿನ ಇರುತ್ತದೋ ಅಷ್ಟು ದಿನ ಈ ತೊಂದರೆ ಇದ್ದೇ ಇರುತ್ತದೆ. "ಸ್ವಲ್ಪ ದಿನ ಆದ್ಮೇಲೆ ಸರಿಹೋಗುತ್ತೆ" ಎಂದು ಕಾಯುವುದರಿಂದ ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಅದಕ್ಕೇ ಓಪಿಯಾಯ್ಡ್ ಶುರುವಾದ ದಿನವೇ ಮೋಷನ್ ಔಷಧಿಯೂ ಶುರುವಾಗಬೇಕು, ದಿನಾ ತೆಗೆದುಕೊಳ್ಳಬೇಕು. ಇದು ಮಾರ್ಫಿನ್ ಚೀಟಿಯ ಅರ್ಧ ಭಾಗ ಎಂದೇ ತಿಳಿಯಿರಿ.

ಮೊದಲ ತಪಾಸಣೆ: ಮೋಷನ್ ಔಷಧಿ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ?

ಕೇಳಲು ಸುಲಭದ ಪ್ರಶ್ನೆ, ಆದರೆ ಬಹಳ ಮನೆಗಳಲ್ಲಿ ದೋಷ ಸಿಗುವುದು ಇಲ್ಲೇ. ಮಾರ್ಫಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಮತ್ತು 2014ರ ತಿದ್ದುಪಡಿಯ ಪ್ರಕಾರ ಮಾನ್ಯತೆ ಪಡೆದ ಸಂಸ್ಥೆಗಳು ಅದನ್ನು ಕೊಡುತ್ತವೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಸಾಲಿನಲ್ಲಿ ನಿಂತು ತರುತ್ತಾರೆ. ಮೋಷನ್ ಔಷಧಿಯನ್ನು ಮನೆ ಹತ್ತಿರದ ಮೆಡಿಕಲ್ ಸ್ಟೋರ್‌ನಲ್ಲಿ ಕೊಳ್ಳುತ್ತಾರೆ. ಬಾಟಲಿ ಖಾಲಿಯಾದಾಗ ಮಾರ್ಫಿನ್ ನೆನಪಿರುತ್ತದೆ, ಯಾಕಂದರೆ ಅದು ಇಲ್ಲದಿದ್ದರೆ ನೋವು ನೆನಪಿಸುತ್ತದೆ. ಮೋಷನ್ ಔಷಧಿ ಮರೆತುಹೋಗುತ್ತದೆ. ಹಾಗಾಗಿ ನಾನು ಮನೆಗೆ ಹೋದಾಗ ಚೀಟಿ ನೋಡುವುದಿಲ್ಲ, ಬಾಟಲಿ ತರಿಸಿ ನೋಡುತ್ತೇನೆ.

ಕೆಲವರು ಬೇಕಂತಲೇ ಬಿಡುತ್ತಾರೆ. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಮಾತ್ರೆ ನುಂಗುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಅವಸರ ಆದರೆ ಎಲ್ಲಿಗೆ ಹೋಗುವುದು ಎಂಬ ಭಯ. ಆ ಭಯಕ್ಕೆ ಅರ್ಥವಿದೆ. ಅದಕ್ಕೆ ಪರಿಹಾರ ಮಾತ್ರೆ ಬಿಡುವುದಲ್ಲ, ಸಮಯ ಬದಲಿಸುವುದು. ಮೋಷನ್ ಮಾಡಿಸುವ ಬಿಸಾಕೊಡಿಲ್ ಮಾತ್ರೆ ಸಾಮಾನ್ಯವಾಗಿ 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತದೆ. ಸಂಜೆ ಬೇಗ ತೆಗೆದುಕೊಂಡರೆ ಮನೆ ಬಿಡುವ ಮೊದಲೇ ಮುಗಿಯುವ ಸಾಧ್ಯತೆ ಹೆಚ್ಚು. ಡಾಕ್ಟರ ಹತ್ತಿರ ಈ ಚಿಂತೆಯನ್ನು ಬಾಯಿಬಿಟ್ಟು ಹೇಳಿ.

ಇನ್ನೊಂದು ಸಂಗತಿ: ಬಿಸಾಕೊಡಿಲ್ ಅನ್ನು ಹಾಲಿನ ಜೊತೆ ನುಂಗಬಾರದು. ನಮ್ಮಲ್ಲಿ ರಾತ್ರಿ ಮಾತ್ರೆ ಅಂದರೆ ಒಂದು ಲೋಟ ಬಿಸಿ ಹಾಲು ಪಕ್ಕದಲ್ಲೇ ಇರುತ್ತದೆ. ಹಾಲು ಮತ್ತು ಆಸಿಡಿಟಿ ಸಿರಪ್ ಆ ಮಾತ್ರೆಯ ಮೇಲಿನ ಲೇಪವನ್ನು ಹೊಟ್ಟೆಯಲ್ಲೇ ಕರಗಿಸುತ್ತವೆ. ಆಗ ಹೊಟ್ಟೆ ಉರಿ, ನೋವು ಬರುತ್ತದೆ, ಕೆಲಸವೂ ಸರಿಯಾಗಿ ಆಗುವುದಿಲ್ಲ. ಎರಡರ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಮಾತ್ರೆಯನ್ನು ಪುಡಿ ಮಾಡಿಯೂ ಕೊಡಬಾರದು.

ಎರಡನೆಯದು: ಗಟ್ಟಿಯೋ, ಮೆತ್ತಗಿದ್ದೂ ಬರುತ್ತಿಲ್ಲವೋ?

ಈ ಪ್ರಶ್ನೆಯ ಉತ್ತರದ ಮೇಲೆ ಔಷಧಿ ಬದಲಾಗುತ್ತದೆ. ಸಂಕೋಚ ಬಿಟ್ಟು ಕೇಳಿ, ಸಾಧ್ಯವಾದರೆ ನೋಡಿ.

ಆಡಿನ ಹಿಕ್ಕೆಯಂತೆ ಉಂಡೆ ಉಂಡೆಯಾಗಿ, ಒಣಗಿ ಬರುತ್ತಿದ್ದರೆ ಒಳಗೆ ನೀರು ಸಾಲದು. ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಇಂಥವು ಕರುಳಿನೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತವೆ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು. ರಾತ್ರಿ ಕುಡಿದು ಬೆಳಿಗ್ಗೆ "ಏನೂ ಆಗಿಲ್ಲ" ಎಂದು ಬಾಟಲಿ ಬದಿಗಿಡುವವರು ಬಹಳ. ಕೆಲವರಿಗೆ ಅದರಿಂದ ಗ್ಯಾಸ್ ತುಂಬಿ ಹೊಟ್ಟೆ ಉಬ್ಬುತ್ತದೆ. ಅಂಥವರಿಗೆ ಪುಡಿ ಹೆಚ್ಚು ಹಿತ. ಅದನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಕುಡಿಯಬೇಕು.

ಮಲ ಮೆತ್ತಗೇ ಇದೆ, ಆದರೆ ತಳ್ಳಲು ಬಲವೇ ಇಲ್ಲ ಅಂದರೆ ಅಲೆಗಳನ್ನು ಎಬ್ಬಿಸುವ ಔಷಧಿ ಬೇಕು. ಬಿಸಾಕೊಡಿಲ್, ಸೋಡಿಯಂ ಪಿಕೋಸಲ್ಫೇಟ್, ಸೋನಾಮುಖಿ ಈ ಗುಂಪಿಗೆ ಸೇರುತ್ತವೆ. ಓಪಿಯಾಯ್ಡ್ ತೆಗೆದುಕೊಳ್ಳುವ ಬಹಳ ಜನರಿಗೆ ಕೊನೆಗೆ ಎರಡೂ ಬಗೆಯ ಔಷಧಿ ಒಟ್ಟಿಗೆ ಬೇಕಾಗುತ್ತದೆ. ಮೆತ್ತಗೆ ಮಾಡುವುದೊಂದೇ ಕೊಟ್ಟರೆ ಮೆತ್ತಗಿನ ಮಲ ಅಲ್ಲೇ ನಿಂತಿರುತ್ತದೆ. ತಳ್ಳುವುದೊಂದೇ ಕೊಟ್ಟರೆ ಗಟ್ಟಿ ಮಲದ ಮೇಲೆ ಕರುಳು ಹಿಂಡಿ ನೋವಾಗುತ್ತದೆ. "ಮಾತ್ರೆ ತಗೊಂಡ್ರೆ ಹೊಟ್ಟೆ ತಿರುಚುತ್ತೆ" ಎಂದು ದೂರುವವರಲ್ಲಿ ಹೆಚ್ಚಿನವರ ಕಥೆ ಇದೇ.

ಕ್ರೆಮಾಫಿನ್ ಬಗ್ಗೆ ಎರಡು ಮಾತು. ಇದು ಬೆಂಗಳೂರಿನ ಪ್ರತಿ ಮನೆಯ ಗೂಡಿನಲ್ಲೂ ಇರುವಂಥ ಬಾಟಲಿ. ಅದರಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ ಮತ್ತು ಲಿಕ್ವಿಡ್ ಪ್ಯಾರಾಫಿನ್ ಇವೆ. ಕಿಡ್ನಿ ತೊಂದರೆ ಇರುವವರಿಗೆ ಮೆಗ್ನೀಷಿಯಂ ಒಳ್ಳೆಯದಲ್ಲ, ದೇಹದಲ್ಲೇ ಸೇರಿಕೊಳ್ಳುತ್ತದೆ. ನುಂಗಲು ಕಷ್ಟಪಡುವವರಿಗೆ, ಮಲಗಿಯೇ ಕುಡಿಯುವವರಿಗೆ ಪ್ಯಾರಾಫಿನ್ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಪಕ್ಕದ ಮನೆಯವರಿಗೆ ಒಗ್ಗಿದ್ದು ನಿಮ್ಮ ರೋಗಿಗೂ ಒಗ್ಗುತ್ತದೆ ಎಂದುಕೊಳ್ಳಬೇಡಿ.

ಲೂಸ್ ಮೋಷನ್ ಎಂದು ಮೋಸ ಹೋಗಬೇಡಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮನೆಯಲ್ಲಿ ಆಗುವ ಅತಿ ದೊಡ್ಡ ಎಡವಟ್ಟು ಇದು.

ಐದಾರು ದಿನ ಏನೂ ಆಗಿರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನೀರುನೀರಾಗಿ ಸ್ವಲ್ಪ ಸ್ವಲ್ಪ ಸೋರಲು ಶುರುವಾಗುತ್ತದೆ. ಬಟ್ಟೆ ಹಾಳಾಗುತ್ತದೆ, ರೋಗಿಗೆ ಗೊತ್ತೇ ಆಗುವುದಿಲ್ಲ. ಮನೆಯವರು "ಅಬ್ಬಾ, ಮೋಷನ್ ಆಯ್ತು, ಈಗ ಜಾಸ್ತಿನೇ ಆಗ್ತಿದೆ" ಎಂದು ಮೋಷನ್ ಔಷಧಿ ನಿಲ್ಲಿಸುತ್ತಾರೆ. ಮೆಡಿಕಲ್ ಸ್ಟೋರ್‌ನಿಂದ ಭೇದಿ ನಿಲ್ಲಿಸುವ ಲೋಪೆರಮೈಡ್ ತಂದು ಕೊಡುತ್ತಾರೆ. ಆದರೆ ಒಳಗೆ ಗಟ್ಟಿ ಮಲದ ಗಡ್ಡೆ ಬಾಗಿಲಲ್ಲೇ ಕೂತಿದೆ. ಮೇಲಿನ ತೆಳು ಮಲ ಅದರ ಪಕ್ಕದಿಂದ ಜಾರಿ ಹೊರಗೆ ಬರುತ್ತಿದೆ. ಲೋಪೆರಮೈಡ್ ಕೂಡ ಓಪಿಯಾಯ್ಡ್ ಬಳಗದ್ದೇ, ಕರುಳಿನ ಮೇಲಷ್ಟೇ ಕೆಲಸ ಮಾಡುವಂಥದ್ದು. ಅದನ್ನು ಕೊಟ್ಟರೆ ಇದ್ದ ಅಲ್ಪಸ್ವಲ್ಪ ಅಲೆಯೂ ನಿಲ್ಲುತ್ತದೆ.

ಕಾಮಾಕ್ಷಿಪಾಳ್ಯದ ಒಂದು ಮನೆಯಲ್ಲಿ ಅಜ್ಜಿಗೆ ಭೇದಿ ಎಂದು ಊಟವನ್ನೇ ನಿಲ್ಲಿಸಿ ಬರೀ ಗಂಜಿ ನೀರು ಕೊಡುತ್ತಿದ್ದರು. ಪರೀಕ್ಷೆ ಮಾಡಿದರೆ ಗುದದ ತುಂಬ ಕಲ್ಲಿನಂಥ ಮಲ. ಅದನ್ನು ತೆಗೆದ ಸಂಜೆ ಅಜ್ಜಿ ಮುದ್ದೆ ಕೇಳಿ ತಿಂದರು. ಅಷ್ಟು ದಿನ ಹಸಿವಿಲ್ಲ ಎಂದದ್ದು, ಸರಿಯಾಗಿ ನಿದ್ದೆ ಇಲ್ಲದ್ದು, ಮೂತ್ರ ಕಟ್ಟುತ್ತಿದ್ದದ್ದು ಎಲ್ಲ ಆ ಒಂದೇ ಕಾರಣಕ್ಕೆ.

ಹಾಗಾಗಿ ಓಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಹಲವು ದಿನ ಮೋಷನ್ ಇಲ್ಲದೆ ಆಮೇಲೆ ನೀರಾಗಿ ಸೋರಿದರೆ, ಒಳಗೆ ಗಟ್ಟಿಯಾಗಿದೆ ಎಂದೇ ಮೊದಲು ಅನುಮಾನಿಸಿ. ಡಾಕ್ಟರೋ ನರ್ಸೋ ಬೆರಳಿನಿಂದ ಪರೀಕ್ಷೆ ಮಾಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಬಾಗಿಲಲ್ಲಿ ಸಿಕ್ಕಿದ್ದರೆ

ಗುದದಲ್ಲೇ ಗಟ್ಟಿಯಾಗಿ ನಿಂತಿದ್ದರೆ ಬಾಯಿಂದ ಎಷ್ಟು ಔಷಧಿ ಕೊಟ್ಟರೂ ಮೇಲಿನಿಂದ ಒತ್ತಡ ಹೆಚ್ಚುತ್ತದೆ, ಕೆಳಗೆ ದಾರಿ ಇರುವುದಿಲ್ಲ. ಮೊದಲು ಕೆಳಗಿನಿಂದ ಬಿಡಿಸಬೇಕು. ಗ್ಲಿಸರಿನ್ ಸಪೋಸಿಟರಿ (ಗುದದೊಳಗೆ ಇಡುವ ಔಷಧಿ) ಜಾರುವಂತೆ ಮಾಡಿ ಮೆತ್ತಗಾಗಿಸುತ್ತದೆ. ಬಿಸಾಕೊಡಿಲ್ ಸಪೋಸಿಟರಿ ಗುದದ ಗೋಡೆಗೆ ತಾಗಿ ಕುಳಿತರೆ ಮಾತ್ರ ಕೆಲಸ ಮಾಡುತ್ತದೆ. ಮಲದ ಗಡ್ಡೆಯೊಳಗೆ ಚುಚ್ಚಿಟ್ಟರೆ ಅದು ವ್ಯರ್ಥ. ಇವು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಪರಿಣಾಮ ತೋರುತ್ತವೆ. ಸಾಲದಿದ್ದರೆ ಎನಿಮಾ. ಫಾಸ್ಫೇಟ್ ಎನಿಮಾ ವಯಸ್ಸಾದವರಿಗೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರಿಗೆ ಅಪಾಯ ತರಬಹುದು. ಅದನ್ನು ಡಾಕ್ಟರು ಹೇಳದೆ ಕೊಡಬೇಡಿ, ಒಂದೇ ದಿನ ಮತ್ತೆ ಮತ್ತೆ ಕೊಡಬೇಡಿ. ಹಿಂದೆ ಮನೆಗಳಲ್ಲಿ ಸೋಪಿನ ನೀರಿನ ಎನಿಮಾ ಕೊಡುತ್ತಿದ್ದರು. ಅದು ಕರುಳಿನ ಒಳಪದರವನ್ನು ಕೆರಳಿಸುತ್ತದೆ, ಬೇಡ.

ಕೀಮೋ ನಡೆಯುತ್ತಿದ್ದರೆ ಒಂದು ಕಟ್ಟುನಿಟ್ಟಿನ ಮಾತು. ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಕಡಿಮೆ ಇರುವಾಗ ಗುದದ ಮೂಲಕ ಏನನ್ನೂ ಹಾಕಬಾರದು. ಸಪೋಸಿಟರಿಯೂ ಬೇಡ, ಬೆರಳೂ ಬೇಡ. ಸಣ್ಣ ಗೀರಾದರೂ ಸೋಂಕು ರಕ್ತಕ್ಕೆ ಸೇರಬಹುದು, ರಕ್ತಸ್ರಾವ ಆಗಬಹುದು. ಇತ್ತೀಚಿನ ಬ್ಲಡ್ ರಿಪೋರ್ಟ್ ಕೈಗೆ ತೆಗೆದುಕೊಂಡು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ.

ಮೂಲವ್ಯಾಧಿ ಅಥವಾ ಗುದದಲ್ಲಿ ಬಿರುಕು ಇದ್ದರೆ ನೋವಿನ ಭಯಕ್ಕೇ ರೋಗಿ ತಡೆದುಕೊಳ್ಳುತ್ತಾರೆ. ಅದಕ್ಕೆ ಹಚ್ಚುವ ಮುಲಾಮು ಬೇರೆ ಬೇಕು.

ಮಾತ್ರೆಯ ಡಬ್ಬಿಯಲ್ಲಿ ಇನ್ನೇನಿದೆ?

ಡಬ್ಬಿಯನ್ನೆಲ್ಲ ಹಾಸಿಗೆಯ ಮೇಲೆ ಸುರಿದು ನೋಡಿ. ಕೀಮೋ ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮಲ ಕಟ್ಟುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕಟ್ಟುತ್ತವೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕಟ್ಟುತ್ತದೆ. ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್, ಬಸ್ಕೋಪಾನ್ ಕೂಡ ಅಷ್ಟೇ. ಇಲ್ಲಿ ಒಂದು ಸುತ್ತು ಶುರುವಾಗುತ್ತದೆ: ಮಲ ಕಟ್ಟಿ ಹೊಟ್ಟೆ ನೋಯುತ್ತದೆ, ನೋವಿಗೆ ಇನ್ನೊಂದು ಮಾತ್ರೆ, ಅದು ಮತ್ತೂ ಕಟ್ಟುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಅದೂ ಓಪಿಯಾಯ್ಡೇ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಟ್ಟಿ ಮಾಡಿ ಡಾಕ್ಟರಿಗೆ ಓದಿ ಹೇಳಿ. ಕೆಲವನ್ನು ಬಿಡಬಹುದು, ಕೆಲವಕ್ಕೆ ಬದಲಿ ಇದೆ.

ಆಯುರ್ವೇದದ ಚೂರ್ಣ ಕೊಡುತ್ತಿದ್ದರೆ ಅದನ್ನೂ ಹೇಳಿ. ಮಾರುಕಟ್ಟೆಯ ಎಷ್ಟೋ "ಹೊಟ್ಟೆ ಸಾಫ್" ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ. ಮಾತ್ರೆಯ ಜೊತೆ ಅದೂ ಸೇರಿದರೆ ಡಬಲ್ ಡೋಸ್ ಆಗುತ್ತದೆ.

ಊಟ, ನೀರು, ಇಸಬ್‌ಗೋಲ್

ನಾರು ಹೆಚ್ಚು ತಿನ್ನಿಸಿ ಎಂದು ಎಲ್ಲರೂ ಹೇಳುತ್ತಾರೆ. ಊಟ ಮಾಡುವ ಶಕ್ತಿ ಇರುವವರಿಗೆ ಸೊಪ್ಪಿನ ಬಸ್ಸಾರು, ಪರಂಗಿಹಣ್ಣು, ನೆನೆಸಿದ ಒಣದ್ರಾಕ್ಷಿ, ಅಂಜೂರ ಖಂಡಿತ ಒಳ್ಳೆಯದು. ಆದರೆ ಓಪಿಯಾಯ್ಡ್‌ನಿಂದ ನಿಂತ ಕರುಳನ್ನು ಊಟವೊಂದೇ ಎಬ್ಬಿಸುವುದಿಲ್ಲ. ಎರಡು ತುತ್ತು ತಿನ್ನುವವರಿಗೆ ಪರಂಗಿಹಣ್ಣಿನ ತಟ್ಟೆ ಹಿಡಿದು ಬಲವಂತ ಮಾಡಬೇಡಿ. "ನೀವು ಸರಿಯಾಗಿ ತಿನ್ನಲ್ಲ, ಅದಕ್ಕೇ ಹೀಗೆ" ಎಂದು ಬೈಯುವುದಂತೂ ಬೇಡವೇ ಬೇಡ. ಇದು ಔಷಧಿಯ ಕೆಲಸ, ಅವರ ತಪ್ಪಲ್ಲ.

ಇಸಬ್‌ಗೋಲ್ ಬೇಡ ಎಂದೇ ಹೇಳುತ್ತೇನೆ. ಒಂದು ಲೋಟ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಲೋಟದಲ್ಲೇ ಲೋಳೆಯಾಗಿ ಗಟ್ಟಿಯಾಗುವುದನ್ನು ನೋಡಿದ್ದೀರಿ. ನೀರು ಕಡಿಮೆ ಕುಡಿಯುವ, ಮಲಗಿರುವ, ಕರುಳು ನಿಧಾನವಾಗಿರುವ ರೋಗಿಯ ಹೊಟ್ಟೆಯಲ್ಲೂ ಹಾಗೇ ಆಗಿ ದಾರಿ ಕಟ್ಟಬಹುದು. ಹರಳೆಣ್ಣೆಯೂ ಬೇಡ, ಹೊಟ್ಟೆ ವಿಪರೀತ ತಿರುಚುತ್ತದೆ.

ನೀರು ಮುಖ್ಯ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಮುಖ್ಯ. ಒಮ್ಮೆಗೇ ದೊಡ್ಡ ಲೋಟ ಕುಡಿಯಲಾಗದವರಿಗೆ ಮಜ್ಜಿಗೆ, ಎಳನೀರು, ತಿಳಿಸಾರು ಸ್ವಲ್ಪ ಸ್ವಲ್ಪ ಕೊಡಿ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ರೋಗಿಗಳು ಅದನ್ನೂ ಕೇಳಿಯೇ ಕುಡಿಯಬೇಕು.

ಕೂರುವ ಜಾಗ

ಬೆಳಿಗ್ಗೆ ಕಾಫಿಯೋ ತಿಂಡಿಯೋ ಆದ ಅರ್ಧ ಗಂಟೆಯೊಳಗೆ ಕರುಳಿಗೆ ಸಹಜವಾಗಿಯೇ ಒಂದು ಚಲನೆ ಬರುತ್ತದೆ. ಆ ಹೊತ್ತನ್ನು ಕೈಬಿಡಬೇಡಿ, ಅವಸರ ಇಲ್ಲದಿದ್ದರೂ ಕೂರಿಸಿ. ಕಮೋಡ್ ಮೇಲೆ ಕೂತಾಗ ಕಾಲಿನ ಕೆಳಗೆ ಒಂದು ಮಣೆ ಇಡಿ. ಮಂಡಿ ಸೊಂಟಕ್ಕಿಂತ ಮೇಲಿದ್ದು, ಸ್ವಲ್ಪ ಮುಂದಕ್ಕೆ ಬಾಗಿದರೆ ದಾರಿ ನೇರವಾಗುತ್ತದೆ. ಬೆಡ್‌ಪ್ಯಾನ್ ಮೇಲೆ ಮಲಗಿ ಮೋಷನ್ ಮಾಡುವುದು ಆರೋಗ್ಯವಂತರಿಗೂ ಕಷ್ಟ. ಎತ್ತಿ ಕೂರಿಸಲು ಆಗುವವರಿಗೆ ಕಮೋಡ್ ಚೇರ್ ತನ್ನಿ, ಬಾಡಿಗೆಗೂ ಸಿಗುತ್ತದೆ.

ಒಂದು ರೂಮಿನ ಬಾಡಿಗೆ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಮಧ್ಯೆ ಮಂಚ ಇರುತ್ತದೆ. ಅಲ್ಲಿ ಕೂರಲು ದೊಡ್ಡವರಿಗೆ ಎಷ್ಟು ನಾಚಿಕೆ ಆಗುತ್ತದೆ ಅಂದರೆ ಅವರು ಊಟವನ್ನೇ ಕಡಿಮೆ ಮಾಡುತ್ತಾರೆ. ಒಂದು ಹಳೇ ಸೀರೆಯನ್ನು ಪರದೆ ಕಟ್ಟಿ, ಹತ್ತು ನಿಮಿಷ ಎಲ್ಲರೂ ಹೊರಗೆ ಹೋಗಿ. ಇದಕ್ಕೆ ಖರ್ಚಿಲ್ಲ. ಔಷಧಿ ಬದಲಿಸದೇ ಇಷ್ಟರಿಂದಲೇ ಸರಿಹೋದ ಮನೆಗಳಿವೆ.

ಮಾರ್ಫಿನ್ ನಿಲ್ಲಿಸಬೇಡಿ

ಮೋಷನ್‌ಗೆ ಹೆದರಿ ನೋವಿನ ಔಷಧಿಯನ್ನು ಅರ್ಧ ಮಾಡುವವರು, ಪ್ಯಾಚ್ ಕಿತ್ತು ಹಾಕುವವರು ಇದ್ದಾರೆ. ನೋವು ವಾಪಸ್ ಬರುತ್ತದೆ. ಹಲವು ವಾರ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ಬೆವರು, ನಡುಕ, ಚಡಪಡಿಕೆ, ಹೊಟ್ಟೆ ಹಿಂಡುವುದು ಎಲ್ಲ ಶುರುವಾಗುತ್ತದೆ. ನೋವು ಇಲ್ಲದೆ ಮಲಗುವುದು ಅವರ ಹಕ್ಕು. ಮೋಷನ್ ತೊಂದರೆಗೆ ಬೇರೆ ದಾರಿಗಳಿವೆ, ಅವನ್ನೆಲ್ಲ ನೋಡದೆ ಆ ಹಕ್ಕನ್ನು ಕಿತ್ತುಕೊಳ್ಳಬಾರದು.

ಮೋಷನ್ ಔಷಧಿಗಳನ್ನು ಸರಿಯಾಗಿ ಕೊಟ್ಟೂ ಆಗದಿದ್ದರೆ ಡಾಕ್ಟರು ಮಾರ್ಫಿನ್ ಬದಲು ಫೆಂಟನಿಲ್ ಪ್ಯಾಚ್ ಕೊಡಬಹುದು. ಅದು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಕಟ್ಟುತ್ತದೆ. ಕರುಳಿನಲ್ಲಿ ಮಾತ್ರ ಓಪಿಯಾಯ್ಡ್ ಕೆಲಸವನ್ನು ತಡೆದು, ಮೆದುಳಿನ ನೋವು ಶಮನಕ್ಕೆ ಅಡ್ಡಿ ಮಾಡದ ಮೀಥೈಲ್‌ನಾಲ್ಟ್ರೆಕ್ಸೋನ್, ನಾಲೊಕ್ಸೆಗಾಲ್‌ನಂಥ ಔಷಧಿಗಳೂ ಇವೆ. ಕರುಳು ಅಡ್ಡ ಕಟ್ಟಿದವರಿಗೆ ಅವು ಸಲ್ಲದು, ಹಾಗಾಗಿ ತಜ್ಞರೇ ತೀರ್ಮಾನಿಸಬೇಕು. ಕ್ಯಾನ್ಸರ್ ಮುಂದುವರಿದವರಿಗೆ ಮಾರತ್ತಹಳ್ಳಿಯ ಕರುಣಾಶ್ರಯದಲ್ಲಿ ಉಚಿತವಾಗಿ ಆರೈಕೆ ಮಾಡುತ್ತಾರೆ. ಇಂಥ ತೊಂದರೆ ಅವರಿಗೆ ದಿನನಿತ್ಯದ ಕೆಲಸ.

ಡಾಕ್ಟರು ನೋವಿನ ಔಷಧಿಯ ಪ್ರಮಾಣ ಏರಿಸಿದ ದಿನ ಮೋಷನ್ ಔಷಧಿಯನ್ನೂ ಏರಿಸಬೇಕೇ ಎಂದು ಅಲ್ಲೇ ಕೇಳಿ. ನೋವಿನ ಔಷಧಿ ನಿಂತಾಗ ಇದನ್ನೂ ಇಳಿಸಬೇಕು, ಇಲ್ಲದಿದ್ದರೆ ನಿಜವಾದ ಭೇದಿ ಶುರುವಾಗುತ್ತದೆ.

ಫೋನ್ ಮಾಡುವ ಮುಂಚೆ

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ದಿನಾ ಬರೆಯಿರಿ: ಮೋಷನ್ ಆಯಿತೇ, ಗಟ್ಟಿಯೋ ಮೆತ್ತಗೋ, ಎಷ್ಟು, ತಿಣುಕಬೇಕಾಯಿತೇ, ಯಾವ ಔಷಧಿ ಎಷ್ಟು ಕೊಟ್ಟಿರಿ. ಒಂದೆರಡು ದಿನಕ್ಕೊಮ್ಮೆ ತಿಣುಕದೆ ಮೆತ್ತಗೆ ಆದರೆ ಸಾಕು, ದಿನಾ ಆಗಲೇಬೇಕು ಎಂದಿಲ್ಲ. ಎರಡು ದಿನ ಆಗದಿದ್ದರೆ ಡಾಕ್ಟರು ಮೊದಲೇ ಹೇಳಿಕೊಟ್ಟ ಹೆಚ್ಚಿನ ಪ್ರಮಾಣಕ್ಕೆ ಹೋಗಿ. ಮೂರನೇ ದಿನವೂ ಇಲ್ಲ ಅಂದರೆ ಕಾಯದೆ ಫೋನ್ ಮಾಡಿ.

ಫೋನಿನಲ್ಲಿ ಇಷ್ಟು ಹೇಳಿ: ಕೊನೆಯ ಮೋಷನ್ ಯಾವತ್ತು, ಹೇಗಿತ್ತು. ಗ್ಯಾಸ್ ಹೋಗುತ್ತಿದೆಯೇ. ವಾಂತಿ ಇದೆಯೇ. ಹೊಟ್ಟೆ ಮೆತ್ತಗಿದೆಯೇ, ಬಿಗಿಯಾಗಿದೆಯೇ. ನೋವಿನ ಔಷಧಿ ಯಾವುದು, ಎಷ್ಟು, ಇತ್ತೀಚೆಗೆ ಏರಿಸಿದ್ದಾರೆಯೇ. ಮೋಷನ್ ಔಷಧಿ ಯಾವುದು, ನಿನ್ನೆ ಮತ್ತು ಮೊನ್ನೆ ನಿಜವಾಗಿ ಎಷ್ಟು ಹೋಯಿತು. ಕೀಮೋ ಯಾವತ್ತು ಆಯಿತು. ಕಿಡ್ನಿ ತೊಂದರೆ ಇದೆಯೇ. ಇಷ್ಟು ಗೊತ್ತಾದರೆ ಮನೆಯಲ್ಲೇ ಏನು ಮಾಡಬೇಕು, ಆಸ್ಪತ್ರೆಗೆ ಕರೆತರಬೇಕೇ ಎಂದು ಅವರು ಫೋನಿನಲ್ಲೇ ಹೇಳಬಲ್ಲರು.